ಕಡಿಮೆ ದುಡ್ಡಿಗೆ ಆಟದ ಕಂಪ್ಯೂಟರ್

ನಮ್ಮಣ್ಣ ಎರಡು ವರ್ಷ ಕೂಡಿಟ್ಟ ದುಡ್ಡಲ್ಲಿ ಗೇಮ್ ಆಡುವ ಕಂಪ್ಯೂಟರ್ ಜೋಡಿಸಲು ಹೊರಟ. ಅಂಗಡಿಯಲ್ಲಿ ಬಣ್ಣದ ದೀಪವಿದ್ದ ಕ್ಯಾಬಿನೆಟ್ ನೋಡಿ ಮನಸೋತ. ಆದರೆ ದೀಪದಿಂದ ಆಟ ಓಡಲ್ಲ!

ಆಟದ ಚಿತ್ರ ಮೂಡಿಸುವುದು ಗ್ರಾಫಿಕ್ಸ್ ಕಾರ್ಡ್. ಸಾಮಾನ್ಯವಾಗಿ ಅದೇ ದುಬಾರಿ. ದುಡ್ಡು ಸಾಲದಿದ್ದರೆ, ಗ್ರಾಫಿಕ್ಸ್ ಒಳಗೇ ಇರುವ ಪ್ರೊಸೆಸರ್ ಕೊಳ್ಳಬಹುದು. 2021ರಲ್ಲಿ ಬಂದ ರೈಜೆನ್ 5 5600ಜಿ ಅಂಥದ್ದು. ಭಾರೀ ಆಟಗಳು ಇದರಲ್ಲಿ ನಿಧಾನ, ಹಗುರ ಆಟಗಳಿಗೆ ಸಾಕು. ಕಾರ್ಡ್ ಮುಂದೆ ಹಾಕಿಕೊಳ್ಳಬಹುದು.

ಇದು ಚಿತ್ರಕ್ಕೂ ರ‍್ಯಾಮನ್ನೇ ಬಳಸುತ್ತದೆ. ಆದ್ದರಿಂದ 16 ಜಿಬಿಯದು ಒಂದೇ ಹಾಕುವ ಬದಲು 8 ಜಿಬಿಯವು ಎರಡು ಹಾಕಿದರೆ ಆಟ ಚುರುಕು. ಕೊಳ್ಳುವಾಗ ಡಿಡಿಆರ್4 ಅಂತಲೇ ಕೇಳಿ. ಡಿಡಿಆರ್5 ಆ ಬೋರ್ಡಿಗೆ ಕೂರಲ್ಲ.

ಎಲ್ಲಿ ಬೇಕಾದರೂ ಉಳಿಸಿ, ಎಸ್‌ಎಂಪಿಎಸ್‌ನಲ್ಲಿ ಮಾತ್ರ ಬೇಡ. ಎಲ್ಲ ಭಾಗಕ್ಕೂ ಕರೆಂಟ್ ಹಂಚುವುದು ಅದೇ. ಕಳಪೆಯದು ಸುಟ್ಟರೆ ಬೋರ್ಡನ್ನೂ ಸುಡಬಹುದು. ನಮ್ಮೂರ ಕರೆಂಟಿನ ಆಟ ನಿಮಗೇ ಗೊತ್ತಲ್ಲ!

ಕೊನೆಗೆ ಅಣ್ಣ ಸಾದಾ ಕ್ಯಾಬಿನೆಟ್ ತಗೊಂಡು, ಉಳಿದ ದುಡ್ಡಿಗೆ ಒಳ್ಳೆ ಎಸ್‌ಎಂಪಿಎಸ್ ತಂದ. ಗ್ರಾಫಿಕ್ಸ್ ಕಾರ್ಡಿಗೆ ಮತ್ತೆ ಕೂಡಿಡುತ್ತಿದ್ದಾನೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ಹಿರಿಯರು ಸುಮ್ಮನೆ ಹೇಳಿಲ್ಲ, ಅಲ್ಲವೇ?