ಡೀಸೆಲ್ ಎಂಜಿನ್ನಿನ ಎಣ್ಣೆಗೂ ಆಯುಸ್ಸುಂಟು

ಡೀಸೆಲ್ ಕಾರಿನ ಬಾನೆಟ್ ತೆರೆದು, ಎಂಜಿನ್ ಎಣ್ಣೆಯ ಮಟ್ಟ ತೋರಿಸುವ ಕಡ್ಡಿಯನ್ನು ಹೊರಗೆಳೆದು ನೋಡಿ. ಅದಕ್ಕೆ ಅಂಟಿದ ಎಣ್ಣೆ ಕಾಡಿಗೆಯಂತೆ ಕಪ್ಪಾಗಿರುತ್ತದೆ. ಹೊಸ ಎಣ್ಣೆ ಹಾಕಿಸಿ ಕೆಲವೇ ದಿನಗಳಾಗಿದ್ದರೂ ಹೀಗೆಯೇ. ಹಾಗಾದರೆ ಎಣ್ಣೆ ಅಷ್ಟು ಬೇಗ ಕೆಟ್ಟುಹೋಯಿತೇ? ಇಲ್ಲ. ಬಣ್ಣ ನೋಡಿ ಹೇಳುವಂತಿಲ್ಲವಾದರೆ, ಎಣ್ಣೆಯನ್ನು ಯಾವಾಗ ಮತ್ತು ಏಕೆ ಬದಲಾಯಿಸಬೇಕು?

ಪೆಟ್ರೋಲ್ ಎಂಜಿನ್ನಿನಲ್ಲಿ ಇಂಧನ ಹೊತ್ತಿಕೊಳ್ಳುವುದು ಕಿಡಿಯಿಂದ. ಜರ್ಮನ್ ಎಂಜಿನಿಯರ್ ರುಡಾಲ್ಫ್ ಡೀಸೆಲ್ 1897ರಲ್ಲಿ ಯಶಸ್ವಿಯಾಗಿ ನಡೆಸಿ ತೋರಿಸಿದ ಎಂಜಿನ್ನಿಗೆ ಕಿಡಿ ಬೇಡ. ಇದರಲ್ಲಿ ಪಿಸ್ಟನ್ ಗಾಳಿಯನ್ನು ಬಲವಾಗಿ ಅದುಮುತ್ತದೆ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪು ಬಿಸಿಯಾಗುವುದನ್ನು ನೀವು ಬಲ್ಲಿರಿ. ಇಲ್ಲಿ ಗಾಳಿ 500 ಡಿಗ್ರಿ ಸೆಲ್ಸಿಯಸ್ ಮೀರಿ ಕಾಯುತ್ತದೆ. ಅದರೊಳಕ್ಕೆ ಚಿಮ್ಮಿದ ಡೀಸೆಲ್ ತಾನಾಗಿಯೇ ಉರಿಯುತ್ತದೆ. ಆದರೆ ಎಲ್ಲ ಹನಿಗಳಿಗೂ ಸಾಕಷ್ಟು ಗಾಳಿ ದೊರೆಯದೆ ಮಸಿ ಉಂಟಾಗುತ್ತದೆ. ಅದರಲ್ಲಿ ಒಂದಿಷ್ಟು ಪಿಸ್ಟನ್ ಉಂಗುರಗಳ ಸಂದಿನಿಂದ ಜಾರಿ ಎಣ್ಣೆಗೆ ಸೇರುತ್ತದೆ.

ಎಣ್ಣೆಯ ಕೆಲಸ ಘರ್ಷಣೆ ತಗ್ಗಿಸುವುದಷ್ಟೇ ಅಲ್ಲ. ಅದು ಭಾಗಗಳನ್ನು ತಂಪಾಗಿಡುತ್ತದೆ, ತೊಳೆಯುತ್ತದೆ, ತುಕ್ಕಿನಿಂದ ಕಾಪಾಡುತ್ತದೆ. ಇದಕ್ಕಾಗಿ ಅದರಲ್ಲಿ ಕೆಲವು ರಾಸಾಯನಿಕಗಳನ್ನು ಬೆರೆಸಿರುತ್ತಾರೆ. ಒಂದು ಬಗೆಯವು ಮಸಿಯ ಕಣಗಳು ಗಂಟುಕಟ್ಟದಂತೆ ಬಿಡಿಬಿಡಿಯಾಗಿ ಇಡುತ್ತವೆ. ಎಣ್ಣೆ ಕಪ್ಪಾಗುವುದು ಈ ಕೆಲಸ ನಡೆಯುತ್ತಿರುವುದರ ಗುರುತು. ಇನ್ನೊಂದು ಬಗೆಯವು ಪ್ರತ್ಯಾಮ್ಲಗಳು. ದಹನದಿಂದ ಹುಟ್ಟುವ ಆಮ್ಲಗಳನ್ನು ಅವು ತಟಸ್ಥಗೊಳಿಸುತ್ತವೆ.

ಈ ರಾಸಾಯನಿಕಗಳು ದುಡಿದಷ್ಟೂ ಸವೆಯುತ್ತವೆ. ಅವು ಮುಗಿದ ಮೇಲೆ ಮಸಿ ಗಂಟುಕಟ್ಟಿ ಎಣ್ಣೆ ಮಂದವಾಗುತ್ತದೆ. ಆಮ್ಲ ಬೇರಿಂಗುಗಳನ್ನು ತಿನ್ನತೊಡಗುತ್ತದೆ. ನಿಮಿಷಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಸುತ್ತು ತಿರುಗಬಲ್ಲ ಟರ್ಬೋಚಾರ್ಜರಿಗೆ ಆಧಾರ ತೆಳುವಾದ ಎಣ್ಣೆಪದರ. ಅದು ತಪ್ಪಿದರೆ ಟರ್ಬೋ ಹಾಳಾಗುತ್ತದೆ; ಕೊನೆಗೆ ಎಂಜಿನ್ನೇ ಕಚ್ಚಿಕೊಂಡು ನಿಲ್ಲಬಹುದು. ಎಣ್ಣೆಯಲ್ಲಿ ಉಳಿಸಿದ ಹಣದ ಹಲವು ಪಟ್ಟು ಆಗ ರಿಪೇರಿಗೆ ತೆರಬೇಕಾಗುತ್ತದೆ.

ಭಾರತದಲ್ಲಿ 2020ರ ಏಪ್ರಿಲ್ 1ರಿಂದ ಬಿಎಸ್-6 ನಿಯಮ ಜಾರಿಗೆ ಬಂದಿತು. ಡೀಸೆಲ್‌ನಲ್ಲಿ ಗಂಧಕದ ಮಿತಿ ಹತ್ತು ಲಕ್ಷ ಪಾಲಿಗೆ 10 ಪಾಲಿಗೆ ಇಳಿಯಿತು. ಕಾರುಗಳ ಹೊಗೆಕೊಳವೆಗೆ ಮಸಿ ಹಿಡಿಯುವ ಶೋಧಕ ಬಂದಿತು. ಅನೇಕ ಕಾರುಗಳಲ್ಲಿ, ಶೋಧಕದಲ್ಲಿ ತುಂಬಿದ ಮಸಿಯನ್ನು ಸುಡಲು ಸಿಲಿಂಡರಿಗೆ ಹೆಚ್ಚುವರಿ ಡೀಸೆಲ್ ಚಿಮ್ಮಿಸಲಾಗುತ್ತದೆ. ಅದರಲ್ಲಿ ಸ್ವಲ್ಪ ಎಣ್ಣೆಗೆ ಇಳಿದು ಅದನ್ನು ತೆಳುವಾಗಿಸುತ್ತದೆ. ಆದ್ದರಿಂದ ಕಡ್ಡಿಯಲ್ಲಿ ಎಣ್ಣೆಯ ಮಟ್ಟ ಏರಿದ್ದರೆ ಸಂತೋಷಪಡಬೇಡಿ, ಮೆಕ್ಯಾನಿಕ್‌ಗೆ ತೋರಿಸಿ. ಇಂತಹ ಕಾರುಗಳಿಗೆ ಕಡಿಮೆ ಬೂದಿಯ ಎಣ್ಣೆಯೇ ಬೇಕು. ಇಲ್ಲವಾದರೆ ಬೂದಿ ಶೋಧಕವನ್ನು ಕಟ್ಟಿಬಿಡುತ್ತದೆ.

ನಮ್ಮಲ್ಲಿ ಅನೇಕ ಕಾರುಗಳಿಗೆ 10,000 ಕಿಲೋಮೀಟರ್ ಅಥವಾ ಒಂದು ವರ್ಷ, ಯಾವುದು ಮೊದಲೋ ಅದು ಎಂಬ ಗಡುವಿದೆ. ನಿಮ್ಮ ಕಾರಿನ ಕೈಪಿಡಿ ಹೇಳುವುದೇ ಅಂತಿಮ. "ಕಾರು ಹೆಚ್ಚು ಓಡಿಲ್ಲ" ಎಂದು ವರ್ಷ ದಾಟಿಸುವುದು ಸರಿಯಲ್ಲ. ಮನೆಯಿಂದ ಪೇಟೆಗೆ ಮಾತ್ರ ಓಡುವ ಕಾರಿನ ಎಂಜಿನ್ ಪೂರ್ತಿ ಕಾಯುವುದೇ ಇಲ್ಲ. ಎಣ್ಣೆಗೆ ಸೇರಿದ ನೀರು, ಡೀಸೆಲ್ ಆವಿಯಾಗದೆ ಅಲ್ಲಿಯೇ ಉಳಿಯುತ್ತವೆ. ಎಣ್ಣೆಯೊಡನೆ ಅದರ ಫಿಲ್ಟರನ್ನೂ ಬದಲಾಯಿಸಬೇಕು.

ತೆಗೆದ ಹಳೆಯ ಎಣ್ಣೆಯನ್ನು ಚರಂಡಿಗೆ ಸುರಿಯಬಾರದು. ಅದು ನೆಲ, ನೀರು ಎರಡನ್ನೂ ಕೆಡಿಸುತ್ತದೆ. ಅದನ್ನು ಶುದ್ಧೀಕರಿಸಿ ಮತ್ತೆ ಬಳಸಲು ಸಾಧ್ಯವಿದೆ.

ಮನೆಯಲ್ಲಿ ಡೀಸೆಲ್ ಕಾರಿದ್ದರೆ ಅದರ ಸರ್ವಿಸ್ ಪುಸ್ತಕ ತೆರೆದು, ಕೊನೆಯ ಬಾರಿ ಎಣ್ಣೆ ಬದಲಾಯಿಸಿದ ದಿನಾಂಕವನ್ನು ನೀವೇ ನೋಡಿ. ಕಣ್ಣಿಗೆ ತಿಳಿಯದ್ದನ್ನು ಅದು ತಿಳಿಸುತ್ತದೆ.