ಬಿದ್ದೆದ್ದ ಮಣ್ಣಿಗೆ ಒಂದು ಹಬ್ಬ

ಉತ್ತರ ಕರ್ನಾಟಕದಲ್ಲಿ ನಾಗರಪಂಚಮಿ ಎಂದರೆ ತವರಿನ ಹಬ್ಬ. ಹೆಣ್ಣುಮಕ್ಕಳು ತವರಿಗೆ ಬರುತ್ತಾರೆ, ಮರಕ್ಕೆ ಜೋಕಾಲಿ ಬೀಳುತ್ತದೆ, ಡಬ್ಬಿ ಡಬ್ಬಿ ಉಂಡಿ ಕಟ್ಟುತ್ತಾರೆ. ಕಾಶಿಯಲ್ಲಿ ಅದೇ ಶ್ರಾವಣ ಶುದ್ಧ ಪಂಚಮಿ ಪೈಲ್ವಾನರ ಹಬ್ಬ. ಗಂಗೆಯ ದಡದಲ್ಲೂ ಗಲ್ಲಿಗಳ ಒಳಗೂ ಇರುವ ಅಖಾಡಗಳು, ಅಂದರೆ ಅಲ್ಲಿಯ ಗರಡಿಮನೆಗಳು, ಅಂದು ಹನುಮಂತನಿಗೆ, ಗುರುವಿಗೆ, ವರ್ಷವಿಡೀ ತಮ್ಮನ್ನು ಹೊತ್ತ ಮಣ್ಣಿಗೆ ಕೈಮುಗಿಯುತ್ತವೆ.

ಈ ಕೃತಜ್ಞತೆಗೆ ಬಲವಾದ ಕಾರಣವಿದೆ. ಸಾಂಪ್ರದಾಯಿಕ ಅಖಾಡದಲ್ಲಿ ಶುಲ್ಕವೆಂಬುದಿಲ್ಲ. ಹಾಲು ಮಾರುವ ಯಾದವರ ಹುಡುಗ, ದೋಣಿ ನಡೆಸುವ ಮಲ್ಲಾಹರ ಹುಡುಗ, ಅಂಗಡಿಯವನ ಮಗ, ಯಾರೇ ಆಗಲಿ, ನಸುಕಿಗೆ ಬಂದು ಲಂಗೋಟಿ ಬಿಗಿದರೆ ಗುರು ಪಟ್ಟು ಕಲಿಸುತ್ತಾನೆ. ದುಡ್ಡಿನಿಂದ ತೀರದ ಈ ಋಣವನ್ನು ಶಿಷ್ಯರು ಸೇವೆಯಿಂದಲೇ ಸಲ್ಲಿಸಬೇಕು. ಆಷಾಢದ ಗುರುಪೂರ್ಣಿಮೆಯಂದು ಗುರುವಿಗೆ ಹಾರ, ತೆಂಗಿನಕಾಯಿ, ಕೈಲಾದ ಕಾಣಿಕೆ ಸಲ್ಲುತ್ತದೆ. ಅದಾದ ಇಪ್ಪತ್ತು ದಿನಕ್ಕೆ ಪಂಚಮಿ. ನಡುವಿನ ಈ ದಿನಗಳಲ್ಲಿ ಅಖಾಡಕ್ಕೆ ಸುಣ್ಣಬಣ್ಣ ಬಳಿಯುತ್ತಾರೆ, ಕಣದ ಮಣ್ಣನ್ನು ಹದಗೊಳಿಸುತ್ತಾರೆ.

ಆ ಮಣ್ಣಿನ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು. ಅಖಾಡದ ಮಣ್ಣು ಸಾದಾ ಮಣ್ಣಲ್ಲ. ಕಲ್ಲು, ಹರಳು, ಬೇರು ಏನೂ ಉಳಿಯದಂತೆ ಜರಡಿ ಹಿಡಿದ ಮೇಲೆ ಅದಕ್ಕೆ ಅರಿಶಿನ, ಸಾಸಿವೆ ಎಣ್ಣೆ, ಮಜ್ಜಿಗೆ, ಕಾವಿಮಣ್ಣು ಬೆರೆಸುತ್ತಾರೆ. ಕೆಲವೆಡೆ ಬೇವಿನ ಎಲೆಯೂ ಸೇರುತ್ತದೆ. ಪ್ರತಿದಿನ ಕುಸ್ತಿಗೆ ಮುಂಚೆ ಪೈಲ್ವಾನರೇ ಗುದ್ದಲಿ ಹಿಡಿದು ಇಡೀ ಕಣವನ್ನು ಅಗೆಯುತ್ತಾರೆ. ಇದು ಆಳಿನ ಕೆಲಸವಲ್ಲ, ವ್ಯಾಯಾಮದ ಮೊದಲ ಪಾಠ. ಬೆನ್ನು, ಭುಜ, ಮುಂಗೈ ಗಟ್ಟಿಯಾಗುವುದು ಇಲ್ಲಿಂದಲೇ. ಅಗೆದ ಮೇಲೆ ಭಾರವಾದ ಮರದ ಕೊರಡಿಗೆ ಹಗ್ಗ ಕಟ್ಟಿ ಎಳೆದು ಮಟ್ಟ ಮಾಡುತ್ತಾರೆ. ಭಾರ ಸಾಲದಿದ್ದರೆ ಒಬ್ಬ ಅದರ ಮೇಲೆ ನಿಲ್ಲುತ್ತಾನೆ, ಇನ್ನೊಬ್ಬ ಎಳೆಯುತ್ತಾನೆ. ಕಣಕ್ಕೆ ಇಳಿಯುವವನು ಚಿಟಿಕೆ ಮಣ್ಣನ್ನು ಹಣೆಗೆ ಹಚ್ಚಿಯೇ ಇಳಿಯುತ್ತಾನೆ. ಬೆವರಿದ ಮೈಗೆ ಅದೇ ಮಣ್ಣನ್ನು ತಿಕ್ಕಿಕೊಂಡರೆ ದೇಹ ತಂಪಾಗುತ್ತದೆ, ಚರ್ಮ ಕೆಡುವುದಿಲ್ಲ ಎಂಬುದು ಅವರ ನಂಬಿಕೆ. ಎದುರಾಳಿ ಎತ್ತಿ ಒಗೆದಾಗ ಮೂಳೆ ಉಳಿಸುವುದು ಮೆತ್ತಗಿನ ಈ ಮಣ್ಣು. ಪೂಜೆಯ ದಿನ ಅದರ ಮೇಲೆ ಹೂವು ಚೆಲ್ಲಿ ಧೂಪ ಹಾಕುವುದು ಬರೀ ಶಾಸ್ತ್ರಕ್ಕೆಂದು ನನಗಂತೂ ಅನ್ನಿಸುವುದಿಲ್ಲ. ಬಿದ್ದವನಿಗೆ ಅದರ ಉಪಕಾರ ಗೊತ್ತಿರುತ್ತದೆ.

ಅಮೆರಿಕದ ಮಾನವಶಾಸ್ತ್ರಜ್ಞ ಜೋಸೆಫ್ ಆಲ್ಟರ್ ಕಾಶಿಯ ರಾಮ್‌ಸಿಂಗ್ ಅಖಾಡದಲ್ಲಿ ಪೈಲ್ವಾನರ ಜೊತೆ ತಾವೂ ಅಭ್ಯಾಸ ಮಾಡುತ್ತ ಈ ಬದುಕನ್ನು ಅಧ್ಯಯನ ಮಾಡಿದರು. 1992ರಲ್ಲಿ ಬಂದ ಅವರ ‘ದಿ ರೆಸ್ಲರ್ಸ್ ಬಾಡಿ’ ಪುಸ್ತಕದಲ್ಲಿ ನಾಗಪಂಚಮಿಗೇ ಒಂದು ಅಧ್ಯಾಯವಿದೆ.

ಯಾತ್ರೆಗೆ ಹೋಗುವ ಕನ್ನಡಿಗರಿಗೆ ನೋಡಲು ಸುಲಭವಾದದ್ದು ತುಳಸಿ ಘಾಟಿನ ಅಖಾಡ. ಜಂಗಮವಾಡಿ ಮಠದಲ್ಲೋ ಹನುಮಾನ್ ಘಾಟಿನ ಸುತ್ತಲೋ ಉಳಿದವರು ದಕ್ಷಿಣಕ್ಕೆ, ಅಸ್ಸಿಯ ಕಡೆಗೆ ನಡೆದರೆ ಸಾಕು. ಗೋಸ್ವಾಮಿ ತುಳಸೀದಾಸರು ಕೊನೆಯ ದಿನಗಳನ್ನು ಕಳೆದ ಜಾಗ ಇದು. ಊರಿನಲ್ಲಿ ಹನುಮಂತನ ಗುಡಿಗಳ ಜೊತೆಗೆ ಅಖಾಡಗಳನ್ನೂ ಕಟ್ಟಿಸಿದವರು ಅವರೇ ಎಂಬುದು ಕಾಶಿಯವರ ಪರಂಪರಾಗತ ನಂಬಿಕೆ. ಪಂಚಮಿಯಂದು ಇಲ್ಲಿ ಕುಸ್ತಿಯ ಜೊತೆಗೆ ಜೋಡಿ ಮತ್ತು ಗದೆಯ ಪಂದ್ಯ ನಡೆಯುತ್ತದೆ. ಜೋಡಿ ಎಂದರೆ ಎರಡು ಭಾರಿ ಮರದ ಮುದ್ಗರಗಳು. ಒಂದೊಂದಾಗಿ ಬೆನ್ನ ಹಿಂದೆ ಇಳಿಬಿಟ್ಟು ಮತ್ತೆ ಭುಜದ ಮೇಲೆ ತರಬೇಕು. ಕೆಲವಕ್ಕೆ ಮೈಯೆಲ್ಲ ಮೊಳೆ ಹೊಡೆದಿರುತ್ತಾರೆ. ಲಯ ತಪ್ಪಿ ಬೆನ್ನಿಗೆ ತಗುಲಿತೋ, ರಕ್ತ ಬಂತೆಂದೇ ಲೆಕ್ಕ. ಗದೆಯೋ ಬಿದಿರಿನ ಕೋಲಿನ ತುದಿಗೆ ಸಿಕ್ಕಿಸಿದ ಗುಂಡುಕಲ್ಲು. ಎಷ್ಟು ಸಲ ತಿರುಗಿಸಿದ ಎಂದು ಸುತ್ತ ನಿಂತವರು ಗಟ್ಟಿಯಾಗಿ ಎಣಿಸುತ್ತಾರೆ.

ಇದೇ ದಿನ ಊರಿನ ಇನ್ನೊಂದು ಕಡೆ, ಜೈತಪುರದ ನಾಗಕೂಪದಲ್ಲಿ, ಸಂಸ್ಕೃತ ವಿದ್ವಾಂಸರು ಸೇರಿ ಶಾಸ್ತ್ರಾರ್ಥ, ಅಂದರೆ ಶಾಸ್ತ್ರಗಳ ವಾದ, ನಡೆಸುತ್ತಾರೆ. ಆದಿಶೇಷನ ಅವತಾರವೆಂದು ನಂಬಲಾದ ಪತಂಜಲಿ ಇಲ್ಲಿದ್ದನೆಂದು ಐತಿಹ್ಯ. ಬೆಳಗ್ಗೆ ಗಲ್ಲಿಗಳಲ್ಲಿ ನಾಗನ ಚಿತ್ರ ಮಾರುವ ಹುಡುಗರು ಕೂಗುವುದೂ ಚಿಕ್ಕ ಗುರು, ದೊಡ್ಡ ಗುರು ಎಂದೇ. ಪತಂಜಲಿ ಮತ್ತು ಪಾಣಿನಿ ಎಂದು ತಿಳಿದವರು ಅರ್ಥ ಹೇಳುತ್ತಾರೆ. ವ್ಯಾಕರಣದ ಗುರುವಿಗೂ ಕುಸ್ತಿಯ ಗುರುವಿಗೂ ಒಂದೇ ದಿನ ನಮಸ್ಕರಿಸುವ ಊರು ಬೇರೆ ಎಲ್ಲಿದೆಯೋ!

ಕನ್ನಡನಾಡಿಗೂ ಈ ಲೋಕ ಹೊಸದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲೇ ‘ಮಾನಸೋಲ್ಲಾಸ’ದಲ್ಲಿ ಮಲ್ಲರ ಆಹಾರ, ಸಾಧನೆ, ಪಟ್ಟುಗಳನ್ನು ಬರೆದಿಟ್ಟ. ಮೈಸೂರಿನ ಜೆಟ್ಟಿಗಳು ವಿಜಯದಶಮಿಯಂದು ಅರಮನೆಯಲ್ಲಿ ವಜ್ರಮುಷ್ಟಿ ಕಾಳಗಕ್ಕೆ ಇಳಿಯುತ್ತಾರೆ. ಮೈಸೂರಿನ ಗರಡಿಗಳಲ್ಲೂ ಕೆಮ್ಮಣ್ಣಿನ ಮಟ್ಟಿಗೆ, ಅಂದರೆ ಕುಸ್ತಿಯ ಕಣಕ್ಕೆ, ಪೂಜೆ ಸಲ್ಲುತ್ತದೆ.

ಈಗ ಸ್ಪರ್ಧೆಗಳು ಮ್ಯಾಟ್ ಮೇಲೆ ನಡೆಯುತ್ತವೆ. ಒಲಿಂಪಿಕ್ಸ್ ಬೇಕೆಂದರೂ ಕ್ರೀಡಾ ಕೋಟಾದಲ್ಲಿ ರೈಲ್ವೆ, ಪೊಲೀಸ್ ಕೆಲಸ ಬೇಕೆಂದರೂ ಮ್ಯಾಟಿನ ಅಭ್ಯಾಸವೇ ಬೇಕು. ಮಣ್ಣಿನಲ್ಲೇ ಉಳಿದ ಹುಡುಗರಿಗೆ ಮುಂದಿನ ದಾರಿ ಕಿರಿದು. ಇದನ್ನು ಮರೆಮಾಚಿ ಅಖಾಡದ ಗುಣಗಾನ ಮಾಡುವುದು ಅವರಿಗೆ ಮಾಡುವ ಅನ್ಯಾಯ. ಹಾಗೆಂದು ಅಖಾಡ ನಿಂತ ನೀರೂ ಅಲ್ಲ. ಶತಮಾನಗಳ ಕಾಲ ಹೆಣ್ಣುಮಕ್ಕಳು ಕಾಲಿಡದಿದ್ದ ತುಳಸೀದಾಸರ ಅಖಾಡದಲ್ಲಿ ಇತ್ತೀಚಿನ ವರ್ಷಗಳಿಂದ ಅವರೂ ಕುಸ್ತಿಗೆ ಇಳಿಯುತ್ತಿದ್ದಾರೆ. ಅಲ್ಲಿಯ ಮಹಂತ ವಿಶ್ವಂಭರನಾಥ ಮಿಶ್ರ ಐಐಟಿಯಲ್ಲಿ ಎಲೆಕ್ಟ್ರಾನಿಕ್ಸ್ ಪ್ರಾಧ್ಯಾಪಕರೂ ಹೌದು. ಆ ಬಾಗಿಲು ತೆರೆದದ್ದು ಅವರ ಕಾಲದಲ್ಲಿ. ಪಂಚಮಿಯಂದು ಈ ಹುಡುಗಿಯರೂ ಮಣ್ಣನ್ನು ಹಣೆಗೆ ಹಚ್ಚಿ ಕಣಕ್ಕೆ ಇಳಿಯುತ್ತಾರೆ. ಶ್ರಾವಣದಲ್ಲಿ ಕಾಶಿಗೆ ಹೋಗುವವರು ವಿಶ್ವನಾಥನ ದರ್ಶನ ಮುಗಿಸಿ ಒಂದು ಬೆಳಗನ್ನು ಅವರ ಕುಸ್ತಿಗೆಂದೇ ಇಟ್ಟುಕೊಳ್ಳಿ.