ಹೋಟೆಲಿನ ಅಡುಗೆಮನೆಗೆ ಇಬ್ಬರು ಇನ್ಸ್‌ಪೆಕ್ಟರುಗಳು

ಶಿವಮೊಗ್ಗದಿಂದ ಸಾಗರ ರಸ್ತೆಯಲ್ಲಿ ಸುಮಾರು 10 ಕಿ.ಮೀ. ದೂರಕ್ಕೆ ತ್ಯಾವರೆಕೊಪ್ಪ. ಹುಲಿ–ಸಿಂಹಧಾಮಕ್ಕೆ ಬಂದವರು, ಜೋಗಕ್ಕೆ ಹೊರಟವರು ಈ ದಾರಿಯ ಹೋಟೆಲುಗಳಲ್ಲೇ ತಿಂಡಿ ಮುಗಿಸುತ್ತಾರೆ. ಗಲ್ಲಾದ ಹಿಂದೆ ತೂಗುಹಾಕಿರುವ, 14 ಅಂಕಿಯ ಸಂಖ್ಯೆಯುಳ್ಳ ಆಹಾರ ಪರವಾನಗಿ ಪತ್ರವನ್ನು ಓದುವವರು ಕಡಿಮೆ. ಆ ಪತ್ರದ ಹಿಂದೆ ದೊಡ್ಡ ಚರಿತ್ರೆಯಿದೆ.

1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದ ಮೇಲೆ ಮೈಸೂರು ಸಂಸ್ಥಾನದಲ್ಲಿ ಚರಂಡಿ, ಕಸ, ಇಲಿಗಳ ಕಡೆಗೆ ಸರ್ಕಾರದ ಗಮನ ಹರಿಯಿತು. ಪುರಸಭೆಯ ಹೆಲ್ತ್ ಇನ್ಸ್‌ಪೆಕ್ಟರ್ ಊರಿನವರಿಗೆ ಪರಿಚಿತನಾದದ್ದು ಹೀಗೆ. ಅವನು ನೋಡುತ್ತಿದ್ದುದು ಬಚ್ಚಲಿನ ನೀರು, ಮುಚ್ಚಳವಿಲ್ಲದ ಪಾತ್ರೆ, ನೊಣ. ಕಲಬೆರಕೆ ತಡೆ ಕಾಯ್ದೆ ಬಂದದ್ದು 1954ರಲ್ಲಿ. ಆಮೇಲೆ ಹಾಲು, ತುಪ್ಪ, ಬೇಳೆಯ ಮಾದರಿಯನ್ನು ಮಾಲೀಕರ ಎದುರಿಗೇ ಮೂರು ಭಾಗ ಮಾಡಿ ಮೊಹರು ಹಾಕುವ ಕ್ರಮ ಬಂತು.

ಆದರೆ ಸೌದೆ ಒಲೆಯ ಹೊಗೆಯಲ್ಲಿ ನಿಂತವರನ್ನು ಯಾರು ನೋಡಿದರು? ಉಡುಪಿ, ಕುಂದಾಪುರದ ಕಡೆಯಿಂದ ಘಟ್ಟ ಹತ್ತಿ ಬಂದ ಹುಡುಗರು ಬೆಳಗಿನ ಜಾವಕ್ಕೇ ಎದ್ದು ರುಬ್ಬುವ ಕಲ್ಲಿಗೆ ಕೂರುತ್ತಿದ್ದರು. ರಾತ್ರಿ ಮುಸುರೆ ತೊಳೆದ ಮೇಲೆ ಅದೇ ಹೋಟೆಲಿನ ಬೆಂಚಿನ ಮೇಲೆ ಮಲಗುತ್ತಿದ್ದರು. ಊಟ ಸಿಗುತ್ತಿತ್ತು, ರಜೆ ಸಿಗುತ್ತಿರಲಿಲ್ಲ. ಅವರ ಪಾಲಿಗೆ ಎರಡನೆಯ ಇನ್ಸ್‌ಪೆಕ್ಟರ್ ಬರಬೇಕಾಯಿತು, ಕಾರ್ಮಿಕ ಇಲಾಖೆಯವನು. 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆಯ ಮಿತಿ ಹಾಕಿತು. ವಾರದ ರಜೆಯನ್ನು ಹಕ್ಕು ಮಾಡಿತು.

ಕಾರ್ಖಾನೆಗಳ ಊರಾದ ಭದ್ರಾವತಿಯ ಕಥೆ ಬೇರೆ. 250ಕ್ಕಿಂತ ಹೆಚ್ಚು ಕೆಲಸಗಾರರಿರುವ ಕಾರ್ಖಾನೆಗಳಲ್ಲಿ ಕ್ಯಾಂಟೀನು ಇರಬೇಕು, ಅದನ್ನು ನಡೆಸುವುದರಲ್ಲಿ ಕಾರ್ಮಿಕರ ಪ್ರತಿನಿಧಿಗಳೂ ಇರಬೇಕು ಎಂಬುದಕ್ಕೆ 1948ರ ಕಾರ್ಖಾನೆ ಕಾಯ್ದೆಯೇ ದಾರಿ ಮಾಡಿತ್ತು. ಉಣ್ಣುವವನೇ ಅಡುಗೆಮನೆಯ ಬಗ್ಗೆ ಕೇಳಬಹುದಾದ ಈ ಏರ್ಪಾಡು ನನಗೆ ಬಹಳ ದೊಡ್ಡದೆನಿಸುತ್ತದೆ.

ಕಾನೂನಿನ ಒತ್ತಾಯವಿಲ್ಲದೆ ಅದೇ ಹಾದಿ ಹಿಡಿದವರು ಬೆಂಗಳೂರಿನ ಎಂಟಿಆರ್ ಹೋಟೆಲಿನ ಯಜ್ಞನಾರಾಯಣ ಮಯ್ಯರು. 1951ರಲ್ಲಿ ಯುರೋಪಿಗೆ ಹೋಗಿ ಅಲ್ಲಿನ ಹೋಟೆಲುಗಳ ಶುಚಿತ್ವ ಕಂಡು ಬಂದವರು, ಪಾತ್ರೆಗಳನ್ನು ಕ್ರಿಮಿಶುದ್ಧಿ ಮಾಡುವ ಪದ್ಧತಿ ತಂದರು. ಗಿರಾಕಿಗಳು ಅಡುಗೆಮನೆಯನ್ನು ಕಣ್ಣಾರೆ ಕಾಣುವಂತೆ ಮಾಡಿದರು.

2011ರಿಂದ ಜಾರಿಯಲ್ಲಿರುವ ಹೊಸ ಆಹಾರ ಸುರಕ್ಷತಾ ನಿಯಮಗಳು ಅಡುಗೆಯವರಿಗೆ ವರ್ಷಕ್ಕೊಮ್ಮೆ ವೈದ್ಯಕೀಯ ತಪಾಸಣೆ ಆಗಬೇಕೆನ್ನುತ್ತವೆ. ಒಳ್ಳೆಯದೇ. ಆದರೂ ಪಾತ್ರೆಯನ್ನು ಒಂದು ಇಲಾಖೆ, ಪಾತ್ರೆ ತೊಳೆಯುವವನನ್ನು ಇನ್ನೊಂದು ಇಲಾಖೆ ನೋಡುವುದು ಇಂದಿಗೂ ತಪ್ಪಿಲ್ಲ. ನಿದ್ದೆಗೆಟ್ಟವನ ಕೈಯಲ್ಲಿ ಶುಚಿಯನ್ನು ನಿರೀಕ್ಷಿಸುವುದು ನ್ಯಾಯವಲ್ಲ. ಎರಡೂ ತಪಾಸಣೆ ಒಟ್ಟಿಗೇ ಆಗಬೇಕು.

ಹೋಟೆಲು, ಡಾಬಾಗಳಲ್ಲಿ ಮಕ್ಕಳನ್ನು ದುಡಿಸುವುದನ್ನು 2006ರ ಅಕ್ಟೋಬರ್ 10ರಿಂದ ನಿಷೇಧಿಸಲಾಗಿದೆ. ದಾರಿಯಲ್ಲಿ ಎಲ್ಲೇ ಮಗುವೊಂದು ಲೋಟ ತೊಳೆಯುತ್ತಿರುವುದು ಕಂಡರೆ, ದಯವಿಟ್ಟು 1098ಕ್ಕೆ ಕರೆ ಮಾಡಿ.